ಅಳತೆ ಹೇಳದ ಮಾತು

ಸಿಂಧನೂರು ಸೀಮೆಯಲ್ಲಿ ‘ಚೀಲ’ ಎಂಬುದು ಕೇವಲ ಒಂದು ವಸ್ತುವಲ್ಲ, ಅದೊಂದು ಅಳತೆ. ಭತ್ತದ ವ್ಯಾಪಾರದಲ್ಲಿ ಚೀಲವೆಂದರೆ 75 ಕಿಲೋ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ದಲಾಲರು ಹೇಳುವುದಿಲ್ಲ, ರೈತರು ಕೇಳುವುದಿಲ್ಲ. 1953ರಿಂದೀಚೆಗೆ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯ ಮೂಲಕ ಹರಿದು ಬಂದು, ಜೋಳ ಸಜ್ಜೆಗಳ ಎರೆಭೂಮಿಯನ್ನು ಗದ್ದೆಯಾಗಿ ಪರಿವರ್ತಿಸಿದ ಈ ಪ್ರದೇಶದಲ್ಲಿ ಆ ಮಾತು ಎಲ್ಲರ ಮನಸ್ಸಿನಲ್ಲಿಯೂ ತಾನಾಗಿಯೇ ನೆಲೆಸಿದೆ. ಆದರೆ ಅದೇ ಭತ್ತವು ಸರಕಾರದ ಖರೀದಿ ಕೇಂದ್ರಕ್ಕೆ ಹೋದೊಡನೆ ಲೆಕ್ಕವು ಕ್ವಿಂಟಲಿಗೆ ಹೊರಳುತ್ತದೆ. ಅಕ್ಕಿಯಾಗಿ ಕಿರಾಣಿ ಅಂಗಡಿಯನ್ನು ಸೇರಿದಾಗ ಚೀಲವೆಂಬ ಅದೇ ಶಬ್ದವು 25 ಕಿಲೋ ಎಂಬ ಅರ್ಥವನ್ನು ತಾಳುತ್ತದೆ. ಶಬ್ದ ಒಂದೇ, ಅದರೊಳಗೆ ಹಿಡಿಯುವ ಪದಾರ್ಥ ಬೇರೆ ಬೇರೆ. ಊರವರಿಗೆ ಇದರಿಂದ ತೊಂದರೆಯಿಲ್ಲ. ಪರಊರಿನಿಂದ ಬಂದು, ಶಬ್ದವನ್ನು ಮಾತ್ರ ಕೇಳಿ, ಅಳತೆಯನ್ನು ಕೇಳದೆ ಹೋದವನಿಗೆ ಮಾತ್ರ ನಷ್ಟ.

ಇಂಥದೇ ಒಂದು ಗೊಂದಲವು ಗಣಕಯಂತ್ರದ ಒಳಗೂ ಇದೆ ಎಂಬುದನ್ನು ಬಹುಮಂದಿ ಅರಿಯರು. ಇಂದು ಅಂಗಡಿ, ಬ್ಯಾಂಕು, ಆಸ್ಪತ್ರೆ, ಅಕ್ಕಿ ಗಿರಣಿಗಳಲ್ಲಿ ನಡೆಯುತ್ತಿರುವ ಕ್ರಮವಿಧಿಗಳೆಲ್ಲವೂ ಒಂದೇ ಕಾಲದಲ್ಲಿ ಒಬ್ಬರೇ ಬರೆದವುಗಳಲ್ಲ. ಮೇಲೆ ಕಾಣುವ ಕಿಟಕಿ, ಗುಂಡಿ, ಪಟ್ಟಿಗಳು ನಿನ್ನೆ ಮೊನ್ನೆಯವು. ಅವುಗಳ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಿಟ್ಟ ಹಳೆಯ ಲೈಬ್ರರಿಗಳು ದುಡಿಯುತ್ತಿರುತ್ತವೆ. ಡಿ.ಎಲ್.ಎಲ್. ಎಂದು ಅವುಗಳಿಗೆ ವಾಡಿಕೆಯ ಹೆಸರು. ಹೊಸದಾಗಿ ಬರೆಯುವವರು ಬಹುಮಟ್ಟಿಗೆ ಸಿ ಶಾರ್ಪ್, ಜಾವಾ ಮೊದಲಾದ ಭಾಷೆಗಳನ್ನು ಬಳಸುತ್ತಾರೆ. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ ಡಾಟ್ ನೆಟ್ ವ್ಯವಸ್ಥೆಯಲ್ಲಿ ಇಂಥ ಕ್ರಮವಿಧಿಗೆ ‘ಮ್ಯಾನೇಜ್ಡ್ ಕೋಡ್’ ಎಂದು ಹೆಸರು. ಎಂದರೆ ಮೇಲ್ವಿಚಾರಣೆಗೆ ಒಳಪಟ್ಟದ್ದು. ಅದು ನಡೆಯುವಾಗ ಒಬ್ಬ ಮೇಲ್ವಿಚಾರಕನು ಸದಾ ಜೊತೆಗಿದ್ದು, ಯಾವ ವಸ್ತುವಿಗೆ ಎಷ್ಟು ಜಾಗ, ಯಾವುದು ಬಳಕೆ ತೀರಿ ಕಸವಾಯಿತು, ಯಾರು ತಮ್ಮ ಮೇರೆ ಮೀರಿದರು ಎಂಬುದನ್ನೆಲ್ಲ ನೋಡಿಕೊಳ್ಳುತ್ತಾನೆ. ಹಳೆಯ ಲೈಬ್ರರಿಗೆ ಅಂಥ ಕಾವಲಿಲ್ಲ. ಅದು ನೇರವಾಗಿ ಯಂತ್ರದೊಡನೆ ವ್ಯವಹರಿಸುತ್ತದೆ. ತನ್ನ ಜಾಗ ತಾನೇ ಹಿಡಿಯುತ್ತದೆ, ತಾನೇ ಬಿಡುತ್ತದೆ, ತಪ್ಪಿದರೆ ತಡೆಯುವವರಿಲ್ಲ.

ಈ ಎರಡು ಲೋಕಗಳ ನಡುವೆ ಒಂದು ಬಾಗಿಲುಂಟು. ಹೊಸ ಕ್ರಮವಿಧಿಯು ಹಳೆಯ ಲೈಬ್ರರಿಯಲ್ಲಿರುವ ಫಂಕ್ಷನ್ನನ್ನು ಹೆಸರು ಹಿಡಿದು ಕರೆಯಬಹುದು. ಕರೆಯುವ ಮುನ್ನ ಒಂದು ಘೋಷಣೆಯನ್ನು ಬರೆಯಬೇಕು: ಇಂಥ ಲೈಬ್ರರಿಯಲ್ಲಿ ಇಂಥ ಹೆಸರಿನ ಫಂಕ್ಷನ್ ಇದೆ, ಅದಕ್ಕೆ ಇಂತಿಂಥ ಪದಾರ್ಥಗಳನ್ನು ಕೊಡಬೇಕು, ಅದು ಇಂಥದನ್ನು ಮರಳಿ ಕೊಡುತ್ತದೆ ಎಂದು. ಡಾಟ್ ನೆಟ್‌ನಲ್ಲಿ ಈ ಏರ್ಪಾಡಿಗೆ ಪಿ-ಇನ್‌ವೋಕ್ ಎನ್ನುತ್ತಾರೆ. ಘೋಷಣೆ ಒಂದೆರಡು ಸಾಲಿನದು. ಶಾಲೆಯ ಹುಡುಗನೂ ನಕಲು ಮಾಡಬಹುದಾದಷ್ಟು ಸರಳವಾದುದು. ಆದರೆ ಆ ಘೋಷಣೆ ನಿಜವೋ ಸುಳ್ಳೋ ಎಂಬುದನ್ನು ಕಂಪೈಲರ್ ಪರೀಕ್ಷಿಸುವುದಿಲ್ಲ. ಪರೀಕ್ಷಿಸಲು ಅದಕ್ಕೆ ಆಧಾರವೇ ಇಲ್ಲ. ಬೇರೆಲ್ಲೆಡೆ ಅಲ್ಪವಿರಾಮ ತಪ್ಪಿದರೂ ಬೈಯುವ ಕಂಪೈಲರ್ ಇಲ್ಲಿ ಬರೆದವನ ಮಾತನ್ನೇ ಪ್ರಮಾಣವೆಂದು ನಂಬುತ್ತದೆ. ಇಷ್ಟೊಂದು ನಂಬಿಕೆಗೆ ಅರ್ಹರಾದವರು ಜಗತ್ತಿನಲ್ಲಿ ವಿರಳ.

ಲಿಂಗಸೂಗೂರಿನಲ್ಲಿ ಓದಿದ, ಮಸ್ಕಿ ಕಡೆಯ ರೈತ ಮನೆತನದ ಹೆಣ್ಣುಮಗಳೊಬ್ಬಳು ಇಂಥ ಬಾಗಿಲುಗಳನ್ನು ದುರಸ್ತಿ ಮಾಡುವ ಕಸುಬಿನವಳು. ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ತಂದೆಯ ಅನಾರೋಗ್ಯದ ನಿಮಿತ್ತ ಊರಿಗೆ ಮರಳಿದ ಆಕೆ ಸಿಂಧನೂರಿನಲ್ಲಿ ಒಂದು ಸಣ್ಣ ಕೋಣೆ ಹಿಡಿದು, ಗಿರಣಿಗಳಿಗೆ, ಗೊಬ್ಬರದ ಅಂಗಡಿಗಳಿಗೆ ಲೆಕ್ಕದ ಕ್ರಮವಿಧಿಗಳನ್ನು ಬರೆದುಕೊಡುತ್ತಾಳೆ. ಕಾಲೇಜಿನ ವಿದ್ಯೆ ದೊಡ್ಡದೇ ಆದರೂ, ಆಕೆಯನ್ನು ರೂಪಿಸಿದ್ದು ಪ್ರೌಢಶಾಲೆಯ ಗಣಿತದ ಮಾಸ್ತರರು ಎಂದು ಬಲ್ಲವರು ಹೇಳುತ್ತಾರೆ. ಆ ಮಾಸ್ತರರಿಗೆ ಒಂದು ಹಟವಿತ್ತು. ಉತ್ತರ ಸರಿಯಿದ್ದರೂ ಅದರ ಮುಂದೆ ಕಿಲೋ ಎಂದೋ ಮೀಟರ್ ಎಂದೋ ಬರೆಯದಿದ್ದರೆ ಪೂರ್ತಿ ಅಂಕವನ್ನು ಹೊಡೆದುಹಾಕುತ್ತಿದ್ದರು. “ಹನ್ನೆರಡು ಅಂತೀಯಲ್ಲವ್ವಾ, ಹನ್ನೆರಡು ಏನು? ಎತ್ತೋ, ಎಮ್ಮೆಯೋ?” ಎಂಬ ಅವರ ಪ್ರಶ್ನೆಗೆ ವರ್ಗವೆಲ್ಲ ನಗುತ್ತಿತ್ತು, ಅಂಕ ಕಳೆದುಕೊಂಡವರು ಮಾತ್ರ ನಗುತ್ತಿರಲಿಲ್ಲ.

2018ರ ಕೊನೆಯ ಸುಗ್ಗಿಯ ದಿನಗಳಲ್ಲಿ ಒಂದು ಅಕ್ಕಿ ಗಿರಣಿಯಿಂದ ಆಕೆಗೆ ಕರೆ ಬಂದಿತು. ಗಿರಣಿಯ ಅಂಗಳದಲ್ಲಿ ವಾಹನಗಳನ್ನು ತೂಗುವ ಕಾಟಾ, ಎಂದರೆ ವೇಬ್ರಿಜ್ ಇತ್ತು. ತುಂಬಿದ ಟ್ರಾಲಿಯನ್ನು ಒಮ್ಮೆ ತೂಗಿ, ಭತ್ತ ಇಳಿಸಿದ ಮೇಲೆ ಬರಿಯ ಟ್ರಾಲಿಯನ್ನು ಮತ್ತೊಮ್ಮೆ ತೂಗಿ, ವ್ಯತ್ಯಾಸವನ್ನು ಚೀಟಿಯಲ್ಲಿ ಅಚ್ಚು ಹಾಕಿಕೊಡುವುದು ಪದ್ಧತಿ. ಒಬ್ಬ ವಯಸ್ಸಾದ ರೈತರು ತಮ್ಮ ಟ್ರಾಲಿಯನ್ನು ಮೊದಲು ಪಟ್ಟಣದ ಬೇರೊಂದು ಕಾಟಾದಲ್ಲಿ ತೂಗಿಸಿಕೊಂಡೇ ಬಂದಿದ್ದರು. ಗಿರಣಿಯ ಚೀಟಿಯಲ್ಲಿ 70 ಕಿಲೋ ಕಡಿಮೆ ಬಂದಿತು. ಅವರು ಜಗಳವಾಡಲಿಲ್ಲ, ಮತ್ತೊಮ್ಮೆ ತೂಗಿರೆಂದು ಕೇಳಿದರು. ತೂಗಿದಾಗ 70ರ ಬದಲು ಹತ್ತೇ ಕಿಲೋ ವ್ಯತ್ಯಾಸ ಬಂದಿತು. ಆಗ ಆ ಹಿರಿಯರು, ಗಣಕಯಂತ್ರದ ಮುಂದೆ ಕುಳಿತ ಹುಡುಗನನ್ನು ನೋಡಿ, “ಏನಪಾ ತಮ್ಮಾ, ನಿನ್ನ ಕಂಪ್ಯೂಟರ್ ಒಂದು ಸಲಕ್ಕ ಒಂದು ಚೀಲ ನೆಲ್ಲು ತಿಂತೈತೇನು?” ಎಂದು ಕೇಳಿದರಂತೆ. ಸುತ್ತ ನಿಂತ ಹಮಾಲರು ನಕ್ಕರು. ಸಾಹುಕಾರರಿಗೆ ನಗು ಬರಲಿಲ್ಲ. ತೂಕದ ಮೇಲಿನ ನಂಬಿಕೆ ಒಮ್ಮೆ ಹೋದರೆ ಗಿರಣಿಯ ಬಾಗಿಲಿಗೆ ಟ್ರಾಲಿ ತಿರುಗುವುದಿಲ್ಲವೆಂಬುದನ್ನು ಅವರು ಬಲ್ಲರು.

ಕಾಟಾ ಸರಿಯಾಗಿಯೇ ಇತ್ತು. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯೂ ಬಿದ್ದಿತ್ತು. ಗೋಡೆಯ ಮೇಲಿನ ಅಂಕಿಫಲಕವೂ ಸರಿಯಾದ ತೂಕವನ್ನೇ ತೋರಿಸುತ್ತಿತ್ತು. ತಪ್ಪು ಬರುತ್ತಿದ್ದುದು ಫಲಕದಿಂದ ಚೀಟಿಗೆ ಹೋಗುವ ದಾರಿಯಲ್ಲಿ. ಹಿಂದೆ ಅಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಗಣಕಯಂತ್ರವೊಂದು, 1998ರ ವಿಷುಯಲ್ ಬೇಸಿಕ್ ಆರರಲ್ಲಿ ಬರೆದ ಕ್ರಮವಿಧಿಯನ್ನು ನಡೆಸುತ್ತಿತ್ತು. ಕಾಟಾದ ಅಂಕಿಗಳನ್ನು ತಂತಿಯಿಂದ ಓದಿಕೊಡುವ ಕೆಲಸವನ್ನು ಕಾಟಾ ಮಾರಿದವರು ಕೊಟ್ಟಿದ್ದ ಒಂದು ಪುಟ್ಟ ಡಿ.ಎಲ್.ಎಲ್. ಮಾಡುತ್ತಿತ್ತು. ಆ ಯಂತ್ರ ಕೆಟ್ಟಿತು. ಹೊಸ ಯಂತ್ರ ಬಂದಿತು, ಹೊಸ ಕ್ರಮವಿಧಿಯನ್ನು ಬೇರೊಂದು ಊರಿನವರು ಸಿ ಶಾರ್ಪ್‌ನಲ್ಲಿ ಬರೆದುಕೊಟ್ಟರು. ಡಿ.ಎಲ್.ಎಲ್. ಮಾತ್ರ ಹಳೆಯದೇ ಉಳಿಯಿತು. ಅದರ ಮೂಲಪಾಠ ಯಾರ ಬಳಿಯೂ ಇರಲಿಲ್ಲ. “ತಂಗೀ, ಹೊಸಾ ಕಾಟಾ ಹಾಕಸಾಕ ಈ ವರ್ಷ ಆಗಂಗಿಲ್ಲ. ಇದ್ದದ್ದನ್ನ ಸರಿ ಮಾಡಿಕೊಡು” ಎಂದರು ಸಾಹುಕಾರರು.

ಇಲ್ಲಿ ಹಳೆಯದನ್ನು ಕಿತ್ತೊಗೆಯಬಾರದಿತ್ತೆ ಎಂದು ಕೇಳುವವರುಂಟು. ಕೇಳುವುದು ಸುಲಭ. ಆದರೆ ಹತ್ತು ವರ್ಷ ದಿನಂಪ್ರತಿ ತಪ್ಪದೆ ನಡೆದ ಒಂದು ವಸ್ತುವಿನೊಳಗೆ ಅದನ್ನು ಬರೆದವನ ಅನುಭವವೆಲ್ಲ ಅಡಗಿರುತ್ತದೆ: ಗಾಳಿಗೆ ಅಲುಗುವ ಅಂಕಿಯನ್ನು ಹೇಗೆ ನಿಲ್ಲಿಸಬೇಕು, ತಂತಿಯಲ್ಲಿ ಅರ್ಧ ಬಂದ ಸಂದೇಶವನ್ನು ಹೇಗೆ ಬಿಡಬೇಕು ಎಂಬಂಥವು. ಅದನ್ನು ಮರಳಿ ಬರೆಯುವವನು ಆ ತೊಡಕುಗಳನ್ನೆಲ್ಲ ಮೊದಲಿನಿಂದ ಎಡವಿ ಕಲಿಯಬೇಕಾಗುತ್ತದೆ. ಹಾಗೆಂದು ಹಳೆಯದೆಲ್ಲ ಶಾಶ್ವತವೆಂದು ನಂಬುವುದೂ ಸಲ್ಲದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಎಷ್ಟು ಮನೆಗಳಲ್ಲಿ ನಿದ್ರೆ ಹಾರಿತೆಂಬುದು ಇಲ್ಲಿಯವರಿಗೆ ಗೊತ್ತೇ ಇದೆ.

ಆಕೆ ಮೊದಲು ನೋಡಿದ್ದು ಯಂತ್ರದ ಅಗಲವನ್ನು. ಹಳೆಯ ಲೈಬ್ರರಿ 32 ಬಿಟ್ಟುಗಳ ಕಾಲದ್ದು. ಹೊಸ ಯಂತ್ರ 64 ಬಿಟ್ಟುಗಳದ್ದು. 64ರ ಕ್ರಮವಿಧಿಯೊಳಗೆ 32ರ ಲೈಬ್ರರಿ ಕೂಡುವುದೇ ಇಲ್ಲ. ಕರೆದ ಕೂಡಲೇ ಈ ಫೈಲಿನ ಸ್ವರೂಪ ಸರಿಯಿಲ್ಲ ಎಂಬ ದೂರು ಬರುತ್ತದೆ. ಹೊಸ ಕ್ರಮವಿಧಿಯನ್ನೇ 32ಕ್ಕೆ ಇಳಿಸಿ ಕಟ್ಟಿದರೆ ಸರಿಹೋಗುತ್ತದೆ. ಮೊದಲು ಬರೆದವರು ಇದನ್ನು ಮಾಡಿದ್ದರು.

ಎರಡನೆಯದು ಕರೆಯ ಸಂಪ್ರದಾಯ. ಫಂಕ್ಷನ್ನಿಗೆ ಕೊಡುವ ಪದಾರ್ಥಗಳನ್ನು ಸ್ಟ್ಯಾಕ್ ಎಂಬ ಒಂದು ಜಾಗದಲ್ಲಿ ಒಂದರ ಮೇಲೊಂದು ಇಟ್ಟು ಕರೆಯಲಾಗುತ್ತದೆ. ಕೆಲಸ ಮುಗಿದ ಮೇಲೆ ಆ ಜಾಗವನ್ನು ಚೊಕ್ಕಟ ಮಾಡುವವರಾರು? ಪ್ರಸಾದನಿಲಯದಲ್ಲಿ ಇದ್ದು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಕೆಲವು ನಿಲಯಗಳಲ್ಲಿ ಉಂಡವನೇ ತನ್ನ ತಾಟು ತೊಳೆದಿಡಬೇಕು. ಕೆಲವೆಡೆ ಅಡುಗೆಯ ಮನೆಯವರೇ ತೊಳೆಯುತ್ತಾರೆ. ಎರಡೂ ಸರಿಯೇ. ಆದರೆ ಒಂದು ನಿಲಯದ ರೂಢಿಯವನು ಇನ್ನೊಂದಕ್ಕೆ ಹೋಗಿ ಕೇಳದೆ ಎದ್ದುಬಿಟ್ಟರೆ ತಾಟು ಅಲ್ಲಿಯೇ ಉಳಿಯುತ್ತದೆ. 32 ಬಿಟ್ಟುಗಳ ವಿಂಡೋಸ್‌ನಲ್ಲಿಯೂ ಸಿ-ಡೆಕ್ಲ್, ಸ್ಟ್ಯಾಂಡರ್ಡ್ ಕಾಲ್ ಎಂಬ ಎರಡು ರೂಢಿಗಳುಂಟು: ಮೊದಲನೆಯದರಲ್ಲಿ ಕರೆದವನು ತೊಳೆಯಬೇಕು, ಎರಡನೆಯದರಲ್ಲಿ ಕರೆಸಿಕೊಂಡವನು. ಘೋಷಣೆಯಲ್ಲಿ ಒಂದಕ್ಕೆ ಬದಲಾಗಿ ಇನ್ನೊಂದನ್ನು ಬರೆದರೆ ಸ್ಟ್ಯಾಕಿನ ಲೆಕ್ಕ ತಪ್ಪುತ್ತದೆ. 64ರ ವಿಂಡೋಸ್‌ನಲ್ಲಿ ಈ ಇಬ್ಬಗೆಯನ್ನು ತೆಗೆದುಹಾಕಿ ಒಂದೇ ರೂಢಿ ಮಾಡಿದ್ದಾರೆ, ಬುದ್ಧಿವಂತರ ಕೆಲಸ. ಗಿರಣಿಯ ಲೈಬ್ರರಿಯನ್ನು ವಿಷುಯಲ್ ಬೇಸಿಕ್ ಕರೆಯುತ್ತಿತ್ತಾದ್ದರಿಂದ ಅದು ಎರಡನೆಯ ರೂಢಿಯದೇ ಇರಬೇಕೆಂದು ಆಕೆ ಊಹಿಸಿದಳು. ಊಹೆ ಸರಿಯಾಗಿತ್ತು, ದೋಷ ಅಲ್ಲಿಯೂ ಇರಲಿಲ್ಲ.

ಮೂರನೆಯದು ಅಳತೆ. ವಿಷುಯಲ್ ಬೇಸಿಕ್ ಆರರಲ್ಲಿ ‘ಲಾಂಗ್’ ಎಂದರೆ 32 ಬಿಟ್ಟುಗಳ ಸಂಖ್ಯೆ. ವಿಂಡೋಸ್‌ನ ಸಿ ಭಾಷೆಯಲ್ಲಿಯೂ ಲಾಂಗ್ 32. ಆದರೆ ಸಿ ಶಾರ್ಪ್‌ನಲ್ಲಿ ಲಾಂಗ್ ಎಂದರೆ 64. ಹಳೆಯ ಬೇಸಿಕ್ಕಿನ ‘ಇಂಟಿಜರ್’ 16 ಆದರೆ ಹೊಸ ಬೇಸಿಕ್ಕಿನ ಅದೇ ಇಂಟಿಜರ್ 32. ಹೆಸರು ನೋಡಿ ನಕಲು ಮಾಡಿದವನಿಗೆ ಆಗುವುದು, ಭತ್ತದ ಚೀಲವನ್ನು ಅಕ್ಕಿಯ ಚೀಲವೆಂದು ತಿಳಿದವನಿಗೆ ಆಗುವುದೇ. ಗಿರಣಿಯಲ್ಲಿ ಇದರದೊಂದು ತಮಾಷೆಯೂ ನಡೆದಿತ್ತು. ಮಳೆಗೆ ಮಣ್ಣು ತೊಳೆದುಹೋದ ಬೆಳಿಗ್ಗೆ ಬರಿಯ ಕಾಟಾ ಸೊನ್ನೆಗಿಂತ ಹತ್ತು ಕಿಲೋ ಕೆಳಗೆ ನಿಲ್ಲುವುದುಂಟು. ಗೋಡೆಯ ಫಲಕವು ಋಣ ಹತ್ತು ಎಂದು ಮರ್ಯಾದೆಯಿಂದ ತೋರಿಸುತ್ತಿದ್ದಾಗ ಗಣಕಯಂತ್ರದ ಪರದೆಯ ಮೇಲೆ 4,29,49,67,286 ಕಿಲೋ ಎಂದು ಬರುತ್ತಿತ್ತು. ಬರಿಯ ಕಾಟಾದ ಮೇಲೆ 429 ಕೋಟಿ ಕಿಲೋ! 32 ಬಿಟ್ಟುಗಳಲ್ಲಿ ಬರೆದ ಋಣ ಹತ್ತನ್ನು 64ರ ಅಗಲದ ಕೋಣೆಯಲ್ಲಿಟ್ಟು, ಮೇಲಿನ ಅರ್ಧ ಸೊನ್ನೆಯೆಂದು ಓದಿದರೆ ಬರುವ ಸಂಖ್ಯೆ ಅದು. ಧನಸಂಖ್ಯೆಗಳು ಸರಿಯಾಗಿಯೇ ಬರುತ್ತಿದ್ದುದರಿಂದ ಮೊದಲು ಬರೆದವರ ಗಮನಕ್ಕೆ ಬಂದಿರಲಿಲ್ಲ. ಕಾಟಾದ ಹುಡುಗನು ಅದನ್ನು ಮಳೆಗಾಲದ ಜಾದೂ ಎಂದು ತಿಳಿದು ಸುಮ್ಮನಿದ್ದನು.

ಇಂಥ ದೋಷಗಳು ವಾಸ್ತವವಾಗಿ ಸಜ್ಜನ ದೋಷಗಳು. ತಾವು ತಪ್ಪೆಂದು ಕೂಗಿ ಹೇಳುತ್ತವೆ. 429 ಕೋಟಿ ಕಿಲೋವನ್ನು ಯಾರೂ ಚೀಟಿಯಲ್ಲಿ ಅಚ್ಚು ಹಾಕಿ ಹಣ ಕೊಡುವುದಿಲ್ಲ. ಭಯಪಡಬೇಕಾದದ್ದು ನಂಬುವಂತೆ ಕಾಣುವ ತಪ್ಪಿಗೆ. 70 ಕಿಲೋ ಅಂಥದು.

ಅದರ ಮೂಲ ಸಿಕ್ಕಿದ್ದು ನಾಲ್ಕನೆಯ ದಿನ. ಲೈಬ್ರರಿಯಲ್ಲಿ ತೂಕ ಕೊಡುವ ಫಂಕ್ಷನ್ನಿನ ಜೊತೆಗೆ ಇನ್ನೊಂದಿತ್ತು: ತೂಕ ಸ್ಥಿರವಾಗಿದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುವಂಥದು. ಟ್ರಾಲಿ ಕಾಟಾದ ಮೇಲೆ ಏರಿದಾಗ ಕೆಲವು ಗಳಿಗೆ ತೂಗಾಡುತ್ತದೆ. ಆಗ ಅಂಕಿ ಮೇಲೆ ಕೆಳಗೆ ಹೊಯ್ದಾಡುತ್ತದೆ. ಸ್ಥಿರವಾಯಿತೆಂಬ ಉತ್ತರ ಬಂದ ಮೇಲೆಯೇ ತೂಕವನ್ನು ಹಿಡಿಯಬೇಕು. ಸಿ ಪ್ಲಸ್ ಪ್ಲಸ್‌ನಲ್ಲಿ ಹೌದು-ಇಲ್ಲಗಳ ‘ಬೂಲ್’ ಒಂದೇ ಬೈಟಿನದು. ಡಾಟ್ ನೆಟ್‌ನ ಘೋಷಣೆಯಲ್ಲಿ ಬರಿದೆ ಬೂಲ್ ಎಂದು ಬರೆದರೆ ಅದು ವಿಂಡೋಸ್‌ನ ಹಳೆಯ ಪದ್ಧತಿಯ ನಾಲ್ಕು ಬೈಟುಗಳ ಬೂಲ್ ಎಂದು ತಿಳಿದುಕೊಳ್ಳುತ್ತದೆ. ಲೈಬ್ರರಿಯು ಉತ್ತರವನ್ನು ಒಂದು ಬೈಟಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. ಉಳಿದ ಮೂರು ಬೈಟುಗಳಲ್ಲಿ ಹಿಂದಿನ ಯಾವುದೋ ಕೆಲಸದ ಉಳಿಕೆ ಬಿದ್ದಿರುತ್ತದೆ. ಹೊಸ ಕ್ರಮವಿಧಿಯು ನಾಲ್ಕನ್ನೂ ಕೂಡಿಸಿ ನೋಡುತ್ತದೆ. ಸೊನ್ನೆಯಲ್ಲದ ಯಾವುದೇ ಆದರೂ ಅದರ ಪಾಲಿಗೆ ‘ಹೌದು’. ಉಳಿಕೆ ಸೊನ್ನೆಯಾಗಿದ್ದಾಗ ನಿಜವಾದ ಉತ್ತರ; ಉಳಿಕೆಯಲ್ಲಿ ಏನಾದರೂ ಇದ್ದಾಗ ಲೈಬ್ರರಿಯು ‘ಇಲ್ಲ’ ಎಂದರೂ ಇದಕ್ಕೆ ‘ಹೌದು’ ಎಂದೇ ಕೇಳಿಸುತ್ತದೆ. ಟ್ರಾಲಿ ಇನ್ನೂ ತೂಗಾಡುತ್ತಿರುವಾಗಲೇ ತೂಕ ಚೀಟಿಗೆ ಇಳಿದುಬಿಡುತ್ತದೆ. ಹಳೆಯ ಬೇಸಿಕ್ಕಿನ ಕ್ರಮವಿಧಿಯಲ್ಲಿ ಯಾರೋ ಪುಣ್ಯಾತ್ಮರು ಇದನ್ನು ಬೂಲಿಯನ್ ಎನ್ನದೆ ‘ಬೈಟ್’ ಎಂದೇ ಘೋಷಿಸಿದ್ದರು. ಏಕೆ ಹಾಗೆ ಬರೆದರೆಂಬುದನ್ನು ಹೊಸದಾಗಿ ಬರೆದವರು ಕೇಳಿಕೊಳ್ಳಲಿಲ್ಲ. ಅರ್ಥಕ್ಕೆ ಬೂಲ್ ಎಂಬುದೇ ಹೆಚ್ಚು ಒಪ್ಪುತ್ತದೆಂದು ತಿದ್ದಿದರು.

ಆಕೆ ಇದನ್ನು ಹಿಡಿದದ್ದು ಜಾಣತನದಿಂದಲ್ಲ, ಸಹನೆಯಿಂದ. ಬಂದ ಉತ್ತರವನ್ನು ಹೌದು-ಇಲ್ಲ ಎಂದು ತಿರುಗಿಸದೆ, ಇದ್ದಂತೆಯೇ ಸಂಖ್ಯೆಯ ರೂಪದಲ್ಲಿ ಹದಿನಾರರ ಲೆಕ್ಕದಲ್ಲಿ ಬರೆದಿಡುತ್ತ ಹೋದಳು. ‘ಇಲ್ಲ’ ಇರಬೇಕಾದಲ್ಲೆಲ್ಲ ದೊಡ್ಡ ದೊಡ್ಡ ಸಂಖ್ಯೆಗಳು. ಅವುಗಳ ಕೊನೆಯ ಎರಡು ಸ್ಥಾನಗಳು ಮಾತ್ರ ಸೊನ್ನೆ. ಒಂದು ಪುಟ ತುಂಬುವುದರೊಳಗೆ ಕಥೆ ತಿಳಿಯಿತು. ಮರಳುವ ಉತ್ತರವು ಒಂದೇ ಬೈಟಿನದೆಂದು ಘೋಷಣೆಯ ಮೇಲೆ ಒಂದು ಸಾಲು ಬರೆದಳು. ಅಂದಿನಿಂದ ಹೊಯ್ದಾಟ ನಿಂತಿತು.

ಒಂದು ಸಾಲಿಗೆ ನಾಲ್ಕು ದಿನವೇ ಎಂದು ಸಾಹುಕಾರರು ಕೇಳಿದರು; ಕೇಳಿದ್ದು ಸಹಜ. ಆದರೆ ಆಕೆಯ ಮನಸ್ಸಿನಲ್ಲಿದ್ದುದು ಬೇರೆ ಪ್ರಶ್ನೆ. ಹೊಸ ಕ್ರಮವಿಧಿ ಬಂದಂದಿನಿಂದ ಆರು ವಾರಗಳ ಚೀಟಿಗಳಲ್ಲಿ ಯಾವುವು ಸರಿ, ಯಾವುವು ತಪ್ಪು? ಅದನ್ನು ಈಗ ತಿಳಿಯುವ ಉಪಾಯವಿಲ್ಲ. ತೂಗಾಡುವ ಟ್ರಾಲಿ ಕಡಿಮೆಯನ್ನೂ ತೋರಬಹುದು, ಹೆಚ್ಚನ್ನೂ ತೋರಬಹುದು. ತುಂಬಿದ ತೂಕದಲ್ಲಿಯೂ ತಪ್ಪಬಹುದು, ಬರಿಯ ತೂಕದಲ್ಲಿಯೂ ತಪ್ಪಬಹುದು. ಸುಮ್ಮನಿರುವುದು ಎಲ್ಲರಿಗೂ ಅನುಕೂಲ. ಆಕೆ ಸುಮ್ಮನಿರಲಿಲ್ಲ. “ಸಾವ್ಕಾರ್ರ, ನೀವು ಹೇಳದಿದ್ದರ ನನ್ನ ಬಿಲ್ಲು ಬ್ಯಾಡ್ರಿ” ಎಂದಳು. ಸಾಹುಕಾರರು ಒಂದು ದಿನ ಯೋಚಿಸಿ, ಬೇರೆ ಕಾಟಾದ ಚೀಟಿ ಇದ್ದವರು ತಂದು ತೋರಿಸಿದರೆ ವ್ಯತ್ಯಾಸವನ್ನು ಕೊಡುವುದಾಗಿ ಬಾಗಿಲಲ್ಲಿ ಹಲಗೆ ಹಾಕಿಸಿದರು. ಐದಾರು ಮಂದಿ ಬಂದರು, ಹಣ ಪಡೆದರು. ಹೆಚ್ಚು ತೂಕ ಪಡೆದವರಾರೂ ಬರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಮೂಲಪಾಠವಿಲ್ಲದ ಲೈಬ್ರರಿಯನ್ನು ಓದುವುದೆಂದರೆ ಶಾಸನ ಓದಿದಂತೆಯೇ ಸರಿ. ಮಸ್ಕಿಯವಳಿಗೆ ಈ ಹೋಲಿಕೆ ಬೇಗ ಹೊಳೆಯುವಂಥದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಬೆಳಕಿಗೆ ತರುವ ಮೊದಲೂ ಆ ಬರಹ ಅಲ್ಲಿಯೇ ಇತ್ತು. ದನ ಕಾಯುವವರು ಅದನ್ನು ನೋಡಿಯೇ ಇದ್ದಿರಬೇಕು. ಬ್ರಾಹ್ಮಿಯ ಅಕ್ಷರಗಳ ಗುಟ್ಟನ್ನು 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬಿಡಿಸಿಟ್ಟಿದ್ದುದರಿಂದ ಅದನ್ನು ಓದಲು ಸಾಧ್ಯವಾಯಿತು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಅಲ್ಲಿ ಇದ್ದುದರಿಂದ, ಆ ಬಿರುದಿನ ಅರಸ ಯಾರೆಂಬುದು ದೃಢವಾಯಿತು. ಡಿ.ಎಲ್.ಎಲ್.ನಲ್ಲಿಯೂ ಹೊರಗಿನವರಿಗಾಗಿ ಫಂಕ್ಷನ್ನುಗಳ ಹೆಸರಿನ ಒಂದು ಪಟ್ಟಿ ಇರುತ್ತದೆ. ಹೆಸರುಂಟು, ಅವು ಏನನ್ನು ಬೇಡುತ್ತವೆ ಎಂಬುದು ಸಾಮಾನ್ಯವಾಗಿ ಇಲ್ಲ. ಆದರೆ ಕೆಲವೊಮ್ಮೆ ಸ್ಟ್ಯಾಂಡರ್ಡ್ ಕಾಲ್ ರೂಢಿಯ ಹೆಸರುಗಳ ಬಾಲದಲ್ಲಿ ಒಂದು ಅಂಕಿ ಉಳಿದಿರುತ್ತದೆ: ನಾಲ್ಕು, ಎಂಟು, ಹನ್ನೆರಡು. ಕೊಡುವ ಪದಾರ್ಥಗಳೆಲ್ಲ ಸೇರಿ ಅಷ್ಟು ಬೈಟುಗಳೆಂದು ಅದರ ಅರ್ಥ. ಎಂಟು ಎಂದಿದ್ದಲ್ಲಿ 32ರ ಎರಡು ಪದಾರ್ಥಗಳಿರಬಹುದು. ತಜ್ಞರು ಇಂಥ ಒಂದು ಅಂಕಿಯನ್ನು ಹಿಡಿದು ಇಡೀ ಘೋಷಣೆಯನ್ನು ಮರಳಿ ಕಟ್ಟುತ್ತಾರೆ.

ಗಿರಣಿಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಚೀಟಿಯ ಮೇಲೆ ರೈತರ ಹೆಸರು ಕನ್ನಡದಲ್ಲಿ ಬರಬೇಕೆಂದು ಸಾಹುಕಾರರು ಅಪೇಕ್ಷಿಸಿದರು. ಚೀಟಿ ಅಚ್ಚು ಹಾಕುವುದಕ್ಕೂ ಒಂದು ಹಳೆಯ ಲೈಬ್ರರಿ ಇತ್ತು. ಹೊಸ ಕ್ರಮವಿಧಿಯಲ್ಲಿ ಹೆಸರುಗಳು ಯೂನಿಕೋಡ್‌ನಲ್ಲಿದ್ದವು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ತನ್ನದೇ ಮನೆಯಿದೆ. ಆದರೆ ಘೋಷಣೆಯಲ್ಲಿ ಬೇರೇನೂ ಹೇಳದಿದ್ದರೆ ಸಿ ಶಾರ್ಪ್ ಅಕ್ಷರಗಳನ್ನು ಹಳೆಯ ಒಂದು ಬೈಟಿನ ‘ಆನ್ಸಿ’ ಪದ್ಧತಿಗೆ ತಿರುಗಿಸಿ ಕಳಿಸುತ್ತದೆ. ವಿಂಡೋಸ್‌ನ ಆ ಹಳೆಯ ಪದ್ಧತಿಯಲ್ಲಿ ಕನ್ನಡಕ್ಕೆ ಪುಟವೇ ಇಲ್ಲ; ಗ್ರೀಕ್, ಅರಬ್ಬಿ, ಥಾಯ್ ಭಾಷೆಗಳಿಗೆ ಇತ್ತು, ನಮ್ಮದಕ್ಕೆ ಇರಲಿಲ್ಲ. ಪರಿಣಾಮವಾಗಿ ಚೀಟಿಯ ಮೇಲೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಒಂದು ಸಾಲು ಬಂದಿತು. ಹೊಲ ಉತ್ತು, ನೀರು ಕಟ್ಟಿ, ಬೆಳೆದು ತಂದವನ ಹೆಸರು ಕೇಳಿದರೆ ಯಂತ್ರವು ಯಾರು, ಯಾರು, ಯಾರು ಎಂದು ಆರು ಸಲ ಕೇಳಿದಂತೆ.

ಇಂಥ ಅಡಚಣೆಯಿಂದಲೇ ಹಿಂದಿನವರು ಉಪಾಯ ಕಂಡುಕೊಂಡಿದ್ದರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಲಾಗಿತ್ತು. ಕ ಎಂಬಕ್ಷರದ ಒಡಲು ರೋಮನ್ನಿನ ದೊಡ್ಡ ‘ಪಿ’ ಇರುವ ಜಾಗದಲ್ಲಿ ಕುಳಿತಿತ್ತು. ಹಳೆಯ ಲೈಬ್ರರಿಯ ಕಣ್ಣಿಗೆ ಅದು ಇಂಗ್ಲಿಷೇ. ಫಾಂಟಿನ ಕನ್ನಡಕ ಹಾಕಿಕೊಂಡು ನೋಡಿದವನಿಗೆ ಕನ್ನಡ. ವೇಷ ಹಾಕಿಕೊಂಡಾದರೂ ಕನ್ನಡವು ಆ ಕಾಲದ ಯಂತ್ರಗಳೊಳಗೆ ಹೊಕ್ಕು ಬದುಕಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆಕೆ ಮಾಡಿದ್ದೂ ಅದನ್ನೇ. ಲೈಬ್ರರಿಗೆ ಕೊಡುವ ಮುನ್ನ ಯೂನಿಕೋಡ್ ಹೆಸರನ್ನು ಹಳೆಯ ವಿನ್ಯಾಸಕ್ಕೆ 8 ಬಿಟ್ಟುಗಳ ಬೈಟುಗಳಾಗಿ ತಾನೇ ತಿರುಗಿಸಿ, ಅಕ್ಷರಗಳೆನ್ನದೆ ಬರಿಯ ಬೈಟುಗಳ ಸಾಲೆಂದು ಘೋಷಿಸಿ ಕೊಟ್ಟಳು. ಅರ್ಕಾವತ್ತಿನಲ್ಲಿ ಮಾತ್ರ ಎರಡು ದಿನ ಹೋದವು. ಯೂನಿಕೋಡ್‌ನಲ್ಲಿ ರಕಾರವು ಉಚ್ಚಾರದ ಕ್ರಮದಂತೆ ಮೊದಲು ಬರುತ್ತದೆ. ಹಳೆಯ ವಿನ್ಯಾಸದಲ್ಲಿ ಬರೆಯುವ ಕ್ರಮದಂತೆ ಕೊನೆಗೆ.

ಕೆಲಸ ಬಲ್ಲವರೆಂಬ ಹೆಸರು ಹರಡಿದ ಮೇಲೆ ಬೇರೆ ಬೇರೆಯವರೂ ಬರಲಾರಂಭಿಸಿದರು. ಕಾಟಾವು ತೂಕ ಸ್ಥಿರವಾದಾಗ ತಾನೇ ಕೂಗಿ ಹೇಳಲೆಂದು ಹೊಸ ಕ್ರಮವಿಧಿಯು ಹಳೆಯ ಲೈಬ್ರರಿಗೆ ತನ್ನ ವಿಳಾಸ ಕೊಟ್ಟಿದ್ದ ಒಂದು ಪ್ರಕರಣದಲ್ಲಿ, ಕೆಲವು ನಿಮಿಷಗಳ ನಂತರ ಎಲ್ಲವೂ ಕುಸಿದು ಬೀಳುತ್ತಿತ್ತು. ಆ ವಿಳಾಸವನ್ನು ಮ್ಯಾನೇಜ್ಡ್ ಲೋಕದಲ್ಲಿ ಯಾರೂ ಹಿಡಿದಿಲ್ಲವೆಂದು ಕಂಡ ಮೇಲ್ವಿಚಾರಕನು ಕಸವೆಂದು ಗುಡಿಸಿಹಾಕಿದ್ದನು. ಲೈಬ್ರರಿಯು ಮನೆ ಖಾಲಿ ಮಾಡಿದವರ ವಿಳಾಸಕ್ಕೆ ಕಾಗದ ಹಾಕುತ್ತಲೇ ಇತ್ತು.

ಅಳತೆಯ ತೊಡಕು ಹಳೆಯ ಲೈಬ್ರರಿಗಳಿಗೆ ಮಾತ್ರ ಸೀಮಿತವಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕೈಬರಹದಿಂದ ಗಣಕಯಂತ್ರಕ್ಕೆ ಬಂದವು. ಸಿಂಧನೂರು, ಲಿಂಗಸೂಗೂರು ತಾಲ್ಲೂಕು ಕಚೇರಿಗಳ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗತೊಡಗಿತು. 2018ರಲ್ಲಿ ಮಸ್ಕಿಯೇ ತಾಲ್ಲೂಕಾಯಿತು. ಪಹಣಿಯಲ್ಲಿ 5-20 ಎಂದರೆ ಐದು ಎಕರೆ ಇಪ್ಪತ್ತು ಗುಂಟೆ, ಎಂದರೆ ಐದೂವರೆ ಎಕರೆ. 40 ಗುಂಟೆಗೆ ಒಂದು ಎಕರೆ. ಅದನ್ನು ದಶಮಾಂಶವೆಂದು ಭಾವಿಸಿ 5.20 ಎಂದು ಓದಿಕೊಂಡ ಖಾಸಗಿ ಲೆಕ್ಕದ ಕ್ರಮವಿಧಿಗೆ ಹನ್ನೆರಡು ಗುಂಟೆ ಹೊಲ ಕಾಣೆಯಾಗುತ್ತದೆ. ಗೊಬ್ಬರದ ಲೆಕ್ಕ ಹಾಕುವ ಅಂಥದೊಂದನ್ನು ಆಕೆ ತಿದ್ದಿಕೊಟ್ಟದ್ದುಂಟು.

ಹೊಸ ವ್ಯವಸ್ಥೆಗಳನ್ನು ಕಟ್ಟುವವರೂ ಈ ಬಾಗಿಲನ್ನು ಮರೆತಿಲ್ಲ. ಜಾವಾ ಭಾಷೆಯಲ್ಲಿ ಬಹುಕಾಲ ಜೆ.ಎನ್.ಐ. ಎಂಬ ಕಷ್ಟದ ದಾರಿಯಿತ್ತು. 2024ರ 22ನೆಯ ಆವೃತ್ತಿಯಲ್ಲಿ ಹಳೆಯ ಲೈಬ್ರರಿಗಳನ್ನು ಕರೆಯುವ ಹೊಸ ದಾರಿಯನ್ನು ಸ್ಥಿರಗೊಳಿಸಿದರು. ಡಾಟ್ ನೆಟ್‌ನ 2022ರ ಏಳನೆಯ ಆವೃತ್ತಿಯಲ್ಲಿ ನಡುವಿನ ತಿರುಗಿಸುವ ಕೆಲಸವನ್ನು ಕಟ್ಟುವ ಹಂತದಲ್ಲಿಯೇ ಬರೆದಿಡುವ ಕ್ರಮ ಬಂದಿದೆ. ಅಲ್ಲಿ ಬೂಲ್ ಎಂದರೆ ಎಷ್ಟು ಬೈಟೆಂಬುದನ್ನು ಹೇಳದೆ ಮುಂದೆ ಹೋಗಗೊಡುವುದಿಲ್ಲ. ಗಣಿತದ ಮಾಸ್ತರರು ಇದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

ಗಿರಣಿಯ ಲೈಬ್ರರಿಯನ್ನೂ ಆಕೆ ಕೊನೆಗೆ ನಿವೃತ್ತಗೊಳಿಸಿದಳು, ಆದರೆ ಅವಸರದಿಂದಲ್ಲ. ಕಾಟಾದ ತಂತಿಯಲ್ಲಿ ಹರಿಯುವ ಅಕ್ಷರಗಳನ್ನು ಒಂದು ಸುಗ್ಗಿಯ ಕಾಲವೆಲ್ಲ ಬರೆದಿಟ್ಟುಕೊಂಡು, ಯಾವ ಗುರುತು ತೂಕದ ಆರಂಭ, ಯಾವುದು ಋಣ ಚಿಹ್ನೆ, ಯಾವುದು ಅಲುಗಾಟದ ಸೂಚನೆ ಎಂಬುದನ್ನು ಕಂಡುಕೊಂಡು, ಡಾಟ್ ನೆಟ್‌ನಿಂದಲೇ ನೇರವಾಗಿ ಓದುವ ಭಾಗವನ್ನು ಬರೆದಳು. ಒಂದು ತಿಂಗಳು ಹಳೆಯದೂ ಹೊಸದೂ ಪಕ್ಕಪಕ್ಕದಲ್ಲಿ ನಡೆದವು. ಎರಡರ ಅಂಕಿಗಳು ಬೇರೆಯಾದಾಗಲೆಲ್ಲ ಕಾಟಾದ ಹುಡುಗನು ಗೋಡೆಯ ಫಲಕವನ್ನು ನೋಡಿ ಒಂದು ಪುಸ್ತಕದಲ್ಲಿ ಬರೆಯಬೇಕೆಂದು ಗೊತ್ತು ಮಾಡಲಾಗಿತ್ತು. ಕಿಲೋ ಎಂಬುದನ್ನು ಪ್ರತಿ ಸಾಲಿನಲ್ಲಿಯೂ ಬರೆಯಬೇಕು. ಆ ಪುಸ್ತಕದ ಮೊದಲ ಪುಟಕ್ಕೆ ಆಕೆ ಒಂದು ಕಾಗದವನ್ನು ಅಂಟಿಸಿದ್ದಳು: ಹಳೆಯ ಲೈಬ್ರರಿಯ ಏಳು ಫಂಕ್ಷನ್ನುಗಳ ಹೆಸರು, ಪ್ರತಿಯೊಂದೂ ಬೇಡುವ ಪದಾರ್ಥ, ಅದರ ಬೈಟುಗಳು, ತೊಳೆಯುವವರಾರು ಎಂಬ ವಿವರ, ಎಲ್ಲವೂ ಕನ್ನಡದಲ್ಲಿ. ಮೂರನೆಯ ಸಾಲಿನ ಎದುರಿಗೆ ಕೆಂಪು ಮಸಿಯಲ್ಲಿ ‘ಒಂದು ಬೈಟು’ ಎಂದು ಎರಡು ಗೆರೆ ಎಳೆದಿತ್ತು.